ಡಾಕ್ಟರ್ ಚೀಟಿಗೆ ರೋಮಿಂಗ್ ಇಲ್ಲ: ಔಷಧಿ ಗಾಂಜಾ ಹಿಡಿದು ಊರು ಸುತ್ತುವವರ ಕಷ್ಟ

ಬ್ರಿಟನ್ನಿನ ಲೆಸ್ಟರ್‌ನಲ್ಲಿರುವ ನನ್ನ ದೊಡ್ಡಮ್ಮನ ಮಗ ವಾಟ್ಸ್ಆ್ಯಪ್‌ನಲ್ಲಿ ಒಂದು ಫೋಟೊ ಕಳಿಸಿದ್ದ. ಅಂಗೈಯಲ್ಲಿ ಹಿಡಿಸುವಷ್ಟು ಪ್ಲಾಸ್ಟಿಕ್ ಡಬ್ಬಿ. ಅದರ ಮೇಲೆ ಮೆಡಿಕಲ್ ಶಾಪಿನ ಬಿಳಿ ಲೇಬಲ್. ಅವನ ಹೆಸರು, 10 ಗ್ರಾಂ, ಟಿಎಚ್‌ಸಿ (ಅಮಲು ತರಿಸುವ ಅಂಶ) ಶೇ 20, ಸಿಬಿಡಿ (ಅಮಲು ತರಿಸದ ಅಂಶ) ಶೇ 1ಕ್ಕಿಂತ ಕಡಿಮೆ. ಒಳಗಿರುವುದು ಒಣಗಿದ ಗಾಂಜಾ ಹೂವು. ಬೆನ್ನಿನ ಆಪರೇಷನ್ ಆದ ಮೇಲೂ ಬಿಡದ ನೋವಿಗೆ ಅಲ್ಲಿನ ಸ್ಪೆಷಲಿಸ್ಟ್ ಬರೆದುಕೊಟ್ಟ ಔಷಧಿ. ಫೋಟೊ ಕೆಳಗೆ ಒಂದೇ ಸಾಲು: ‘ಜನವರಿಯಲ್ಲಿ ದಾವಣಗೆರೆಗೆ ಬರ್ತಿದ್ದೀನಿ, ಗೃಹಪ್ರವೇಶಕ್ಕೆ. ಚೀಟಿ ಇದೆಯಲ್ಲ, ತರಬಹುದಲ್ವಾ?’

‘ಬೇಡ ಅಣ್ಣ’ ಅಂತ ತಕ್ಷಣ ಉತ್ತರ ಕೊಟ್ಟೆ. ಯಾಕೆ ಬೇಡ ಅಂತ ಅವನಿಗೆ ಬಿಡಿಸಿ ಹೇಳಲು ಕೂತಾಗ ಗೊತ್ತಾಯಿತು, ಇದು ಒಂದೆರಡು ಮೆಸೇಜಿನಲ್ಲಿ ಮುಗಿಯುವ ಮಾತಲ್ಲ.

ಬಿಪಿ ಮಾತ್ರೆ, ಶುಗರ್ ಮಾತ್ರೆಗಳ ಜೊತೆ ಓಡಾಡಿ ನಮಗೆ ಒಂದು ಅಭ್ಯಾಸವಾಗಿಬಿಟ್ಟಿದೆ. ಚೀಟಿ ಜೊತೆಗಿದ್ದರೆ ಯಾರೂ ಏನೂ ಕೇಳುವುದಿಲ್ಲ ಅಂತ ನಂಬಿದ್ದೇವೆ. ಗಾಂಜಾದ ವಿಷಯದಲ್ಲಿ ಆ ನಂಬಿಕೆ ಕೈಕೊಡುತ್ತದೆ. ಬ್ರಿಟನ್ನಿನ ಚೀಟಿ ಬ್ರಿಟನ್ನಿನಲ್ಲಿ ಮಾತ್ರ ಕೆಲಸ ಮಾಡುತ್ತದೆ, ರೋಮಿಂಗ್ ಇಲ್ಲದ ಸಿಮ್ ಇದ್ದ ಹಾಗೆ. ಸಿಮ್ ಸುಮ್ನೆ ಸತ್ತುಹೋಗುತ್ತದೆ, ಅಷ್ಟೇ. ಚೀಟಿ ಹಾಗಲ್ಲ. ಅದನ್ನು ಒಪ್ಪದ ದೇಶದಲ್ಲಿ ಅದು ತಿರುಗಿಬೀಳುತ್ತದೆ. ‘ಇದು ಗಾಂಜಾ, ಇದು ನನ್ನದೇ, ನನಗೆ ಗೊತ್ತಿದ್ದೇ ತಂದಿದ್ದೇನೆ’ ಅಂತ ನಿಮ್ಮ ಹೆಸರಿನ ಸಮೇತ ಬರೆದುಕೊಟ್ಟಂತೆ ಆಗುತ್ತದೆ.

ಬ್ರಿಟನ್ನಿನಲ್ಲಿ ಔಷಧಿ ಗಾಂಜಾಕ್ಕೆ ಬಾಗಿಲು ತೆರೆದದ್ದೇ ಒಂದು ವಿಮಾನ ಪ್ರಯಾಣದಿಂದ ಅನ್ನಬಹುದು. 2018ರ ಜೂನ್. ಉತ್ತರ ಐರ್ಲೆಂಡಿನ 12 ವರ್ಷದ ಹುಡುಗನಿಗೆ ತೀವ್ರ ಮೂರ್ಛೆ ರೋಗ. ಕೆನಡಾದ ಟೊರೊಂಟೊದಿಂದ ಆರು ತಿಂಗಳಿಗಾಗುವಷ್ಟು ಗಾಂಜಾ ಎಣ್ಣೆ ಹಿಡಿದು ಅವನ ತಾಯಿ ಮಗನ ಜೊತೆ ಹೀಥ್ರೂನಲ್ಲಿ ಇಳಿದರು. ಅದನ್ನು ಮುಚ್ಚಿಡಲೂ ಇಲ್ಲ. ಅಧಿಕಾರಿಗಳು ಬಾಟಲಿ ಕಿತ್ತುಕೊಂಡರು. ಕೆಲವೇ ದಿನದಲ್ಲಿ ಫಿಟ್ಸ್ ಜಾಸ್ತಿಯಾಗಿ ಹುಡುಗ ಆಸ್ಪತ್ರೆ ಸೇರಿದ. ಆಗ ಗೃಹ ಸಚಿವರಾಗಿದ್ದ ಸಾಜಿದ್ ಜಾವಿದ್ ವಿಶೇಷ ಅಧಿಕಾರ ಬಳಸಿ, 20 ದಿನದ ಲೈಸೆನ್ಸ್ ಕೊಟ್ಟು, ಅದೇ ಎಣ್ಣೆಯನ್ನು ವಾಪಸ್ ಕೊಡಿಸಿದರು. ಅದೇ ವರ್ಷ ನವೆಂಬರ್ 1ರಿಂದ ತಜ್ಞ ವೈದ್ಯರು ಗಾಂಜಾ ಔಷಧಿ ಬರೆದುಕೊಡಬಹುದು ಅಂತ ಕಾನೂನು ಬದಲಾಯಿತು.

ಆದರೂ ಎಲ್ಲ ಡಾಕ್ಟರೂ ಬರೆಯುವ ಹಾಗಿಲ್ಲ. ಸ್ಪೆಷಲಿಸ್ಟ್ ಪಟ್ಟಿಯಲ್ಲಿ ಹೆಸರಿರಬೇಕು. ಅಲ್ಲಿನ ಸರ್ಕಾರಿ ಆರೋಗ್ಯ ಸೇವೆ ಎನ್‌ಎಚ್‌ಎಸ್‌ನಲ್ಲಿ ಸಿಗುವುದು ತೀರಾ ಅಪರೂಪ. ಹೆಚ್ಚಿನವರು ಖಾಸಗಿ ಕ್ಲಿನಿಕ್‌ಗೆ ಹೋಗಿ, ಕೈಯಿಂದ ದುಡ್ಡು ಕೊಟ್ಟು ತಗೊಳ್ಳುತ್ತಾರೆ. ನಮ್ಮಣ್ಣನದೂ ಅದೇ ಕಥೆ.

ಮನೆಯಂಗಳದ ಪ್ರಯಾಣವಾದರೂ ಸಲೀಸೇ ಅಂದರೆ, ಬಹುಮಟ್ಟಿಗೆ ಹೌದು. ಲಂಡನ್ನಿನಿಂದ ಎಡಿನ್‌ಬರೊಗೆ ರೈಲಿನಲ್ಲೋ ವಿಮಾನದಲ್ಲೋ ಹೋಗುವಾಗ ಔಷಧಿ ಜೊತೆಗಿಟ್ಟುಕೊಳ್ಳಬಹುದು. ಮೂಲ ಡಬ್ಬಿ, ಅದರ ಮೇಲಿನ ಲೇಬಲ್, ಚೀಟಿಯ ಒಂದು ಪ್ರತಿ ಇದ್ದರೆ ಸಾಕು. ಡಬ್ಬಿ ಬದಲಾಯಿಸಿದರೆ ಕೆಟ್ಟಿತು. ಲೇಬಲ್ ಇಲ್ಲದ ಗಾಂಜಾ ಪೊಲೀಸರ ಕಣ್ಣಿಗೆ ಬರೀ ಗಾಂಜಾ. ಇನ್ನೊಂದು ವಿಷಯ ತುಂಬಾ ಜನಕ್ಕೆ ಗೊತ್ತಿಲ್ಲ. ಡಾಕ್ಟರೇ ಬರೆದುಕೊಟ್ಟ ಹೂವಾದರೂ ಅದನ್ನು ಬೀಡಿಯ ಹಾಗೆ ಸುತ್ತಿ ಸೇದುವಂತಿಲ್ಲ. ಬೆಂಕಿ ಹಚ್ಚಿದ ಕ್ಷಣ ಅದು ಔಷಧಿಯಲ್ಲ, ಅಪರಾಧ. ವೇಪರೈಸರ್ ಅನ್ನುವ ಸಣ್ಣ ಯಂತ್ರದಲ್ಲಿ ಬಿಸಿ ಮಾಡಿ ಆವಿಯನ್ನಷ್ಟೇ ಎಳೆದುಕೊಳ್ಳಬೇಕು.

ಕಾರು ಓಡಿಸುವವರಿಗೆ ಇನ್ನೊಂದು ತಲೆನೋವು. ಬ್ರಿಟನ್ನಿನಲ್ಲಿ ಒಂದು ಲೀಟರ್ ರಕ್ತಕ್ಕೆ 2 ಮೈಕ್ರೊಗ್ರಾಂ ಟಿಎಚ್‌ಸಿ ಮೀರಿದರೆ ಕೇಸು. ಡಾಕ್ಟರ್ ಹೇಳಿದ ಹಾಗೇ ತಗೊಂಡಿದ್ದೀನಿ, ಗಾಡಿ ಓಡಿಸುವ ಹಿಡಿತ ತಪ್ಪಿಲ್ಲ ಅಂತ ತೋರಿಸಿದರೆ ರಕ್ಷಣೆ ಇದೆ. ಅದೇ ರೋಗಿ ರಜೆಗೆ ಆಸ್ಟ್ರೇಲಿಯಾಕ್ಕೆ ಹೋದ ಅನ್ನಿ. ಅಲ್ಲಿ 2016ರಿಂದ ಔಷಧಿ ಗಾಂಜಾ ಕಾನೂನುಬದ್ಧ. ಆದರೆ ಹೆಚ್ಚಿನ ರಾಜ್ಯಗಳಲ್ಲಿ ಎಂಜಲು ಪರೀಕ್ಷೆಯಲ್ಲಿ ಟಿಎಚ್‌ಸಿ ಕಂಡರೆ ಸಾಕು, ತಪ್ಪು. ಚೀಟಿ ಲೆಕ್ಕಕ್ಕಿಲ್ಲ. ಟ್ಯಾಸ್ಮೇನಿಯಾದಲ್ಲಿ ಚೀಟಿಗೆ ಮರ್ಯಾದೆ ಇದೆ. ವಿಕ್ಟೋರಿಯಾದಲ್ಲಿ 2025ರ ಮಾರ್ಚ್‌ನಿಂದ ಲೈಸೆನ್ಸ್ ಕಿತ್ತುಕೊಳ್ಳುವುದೋ ಬೇಡವೋ ಅನ್ನುವುದನ್ನು ಮ್ಯಾಜಿಸ್ಟ್ರೇಟ್ ವಿವೇಚನೆಗೆ ಬಿಟ್ಟಿದ್ದಾರೆ. ಒಂದೇ ದೇಶ, ರಾಜ್ಯದ ಗಡಿ ದಾಟಿದರೆ ಕಾನೂನು ಬೇರೆ.

ಇನ್ನು ಬ್ರಿಟನ್ನಿನಿಂದ ಹೊರಗೆ ಹೊರಟವರ ವಿಷಯ. ಮೂರು ತಿಂಗಳಿಗಿಂತ ಕಡಿಮೆ ಔಷಧಿಯಾದರೆ ಲೈಸೆನ್ಸ್ ಬೇಡ, ಚೀಟಿಯೋ ಡಾಕ್ಟರ ಪತ್ರವೋ ಇದ್ದರೆ ಸಾಕು. ಪತ್ರವಾದರೆ ಅದರಲ್ಲಿ ಹೆಸರು, ಯಾವ ದೇಶ, ಯಾವಾಗ, ಎಷ್ಟು ಔಷಧಿ, ಎಷ್ಟು ಡೋಸ್, ಎಷ್ಟು ಶಕ್ತಿಯದು ಅನ್ನುವುದೆಲ್ಲ ಇರಬೇಕು, ಕೆಳಗೆ ಡಾಕ್ಟರ ಸಹಿ. ಮೂರು ತಿಂಗಳು ಅಥವಾ ಜಾಸ್ತಿಗಾದರೆ ಗೃಹ ಇಲಾಖೆಯ ವೈಯಕ್ತಿಕ ಲೈಸೆನ್ಸ್ ಬೇಕು. ಜನ ಎಡವುವುದು ಇಲ್ಲೇ. ಈ ಪತ್ರವನ್ನೋ ಲೈಸೆನ್ಸನ್ನೋ ನೋಡಿ ‘ಸರ್ಕಾರವೇ ಒಪ್ಪಿದೆ’ ಅಂತ ನೆಮ್ಮದಿಯಾಗಿಬಿಡುತ್ತಾರೆ. ಅದು ಬ್ರಿಟನ್ನಿನ ಬಾಗಿಲು ದಾಟಿ ಹೋಗಲು, ಅದೇ ಬಾಗಿಲಿನಿಂದ ವಾಪಸ್ ಬರಲು ಕೊಟ್ಟದ್ದು. ಎದುರಿನ ಮನೆ ಬಾಗಿಲಿಗೆ ಆ ಕೀಲಿ ಆಗುವುದಿಲ್ಲ.

ಹಾಗಾದರೆ ಎಲ್ಲ ದೇಶಗಳೂ ಒಪ್ಪುವ ಒಂದು ಕಾಗದ ಯಾಕಿಲ್ಲ? ಇದಕ್ಕೆ ಉತ್ತರ ಎರಡು ಹಳೆಯ ಒಪ್ಪಂದಗಳಲ್ಲಿದೆ. ಮಾದಕ ವಸ್ತುಗಳ ಮೇಲೆ ವಿಶ್ವಸಂಸ್ಥೆಯ ಮೊದಲ ದೊಡ್ಡ ಒಪ್ಪಂದ 1961ರದ್ದು. ಗಾಂಜಾ ಗಿಡದ ಹೂವು, ಅಂಟು ಬರುವುದು ಇದರಡಿ. ಔಷಧಿಗಾಗಿ ಬಳಸಬಹುದು ಅಂತ ಅದು ಒಪ್ಪುತ್ತದೆ. ಆದರೆ ಔಷಧಿ ಜೊತೆಗಿಟ್ಟುಕೊಂಡು ದೇಶ ದಾಟುವ ರೋಗಿಯ ಬಗ್ಗೆ ಮಾತೇ ಇಲ್ಲ. ಎರಡನೆಯದು 1971ರದ್ದು, ಮನಸ್ಸಿನ ಮೇಲೆ ಪರಿಣಾಮ ಮಾಡುವ ರಾಸಾಯನಿಕಗಳಿಗೆ ಸಂಬಂಧಿಸಿದ್ದು. ಅದರ ನಾಲ್ಕನೇ ವಿಧಿಯಲ್ಲಿ ಪ್ರಯಾಣಿಕರು ತಮ್ಮ ಬಳಕೆಗೆ ಸ್ವಲ್ಪ ಪ್ರಮಾಣದಲ್ಲಿ ಒಯ್ಯಲು ದೇಶಗಳು ಅವಕಾಶ ಕೊಡಬಹುದು ಅಂತಿದೆ. ಮಜಾ ಏನಪ್ಪಾ ಅಂದರೆ, ಶುದ್ಧ ಟಿಎಚ್‌ಸಿ ಈ ಎರಡನೇ ಒಪ್ಪಂದದಲ್ಲಿ ಬರುತ್ತದೆ. ಅಂದರೆ ಅದೇ ವಸ್ತು ಲ್ಯಾಬಿನಿಂದ ಬಂದರೆ ಒಂದು ಪುಸ್ತಕ, ಗಿಡದಿಂದ ಬಂದರೆ ಇನ್ನೊಂದು ಪುಸ್ತಕ. ಹೂವು ಹಿಡಿದ ರೋಗಿಯ ಪ್ರಯಾಣಕ್ಕೆ ಯಾವ ಪುಸ್ತಕದಲ್ಲೂ ಪುಟ ಇಲ್ಲ. ಆಯಾ ದೇಶ ಏನು ಹೇಳುತ್ತದೋ ಅದೇ ಕಾನೂನು. ವಿಯೆನ್ನಾದಲ್ಲಿರುವ ಅಂತರರಾಷ್ಟ್ರೀಯ ಮಾದಕ ವಸ್ತು ನಿಯಂತ್ರಣ ಮಂಡಳಿ ದೇಶವಾರು ನಿಯಮಗಳನ್ನು ಒಂದೆಡೆ ಕಲೆಹಾಕಿ ಇಟ್ಟಿದೆ, ಅಷ್ಟರ ಮಟ್ಟಿಗೆ ಉಪಕಾರ.

ಗಡಿ ತಪಾಸಣೆ ಇಲ್ಲದೆ ಓಡಾಡಲು ಒಪ್ಪಂದ ಮಾಡಿಕೊಂಡ ಯುರೋಪಿನ ಷೆಂಗೆನ್ ದೇಶಗಳು ಮಾತ್ರ ತಮ್ಮೊಳಗೆ ಇದಕ್ಕೊಂದು ದಾರಿ ಮಾಡಿಕೊಂಡಿವೆ. ಷೆಂಗೆನ್ ಒಡಂಬಡಿಕೆಯ 75ನೇ ವಿಧಿಯಡಿ ಒಂದು ಪ್ರಮಾಣಪತ್ರ ಸಿಗುತ್ತದೆ. ಡಾಕ್ಟರ್ ತುಂಬಿಕೊಡಬೇಕು, ಸರ್ಕಾರದ ಆರೋಗ್ಯ ಕಚೇರಿ ಸೀಲ್ ಹಾಕಬೇಕು. ಒಂದು ಔಷಧಿಗೆ ಒಂದು ಪತ್ರ, 30 ದಿನಕ್ಕೆ ಮಾತ್ರ. ಜರ್ಮನಿಯ ಉದಾಹರಣೆ ನೋಡಿ. 2024ರ ಏಪ್ರಿಲ್ 1ರಿಂದ ಅಲ್ಲಿ ಗಾಂಜಾ ಮಾದಕ ವಸ್ತುಗಳ ಪಟ್ಟಿಯಲ್ಲೇ ಇಲ್ಲ. ಹಾಗಂತ ಮ್ಯೂನಿಕ್‌ನಲ್ಲಿರುವ ರೋಗಿ ಬರಿಗೈಯಲ್ಲಿ ಇಟಲಿಗೆ ಹೊರಟರೆ ಆಗುವುದಿಲ್ಲ. ತನ್ನೂರು ಸಡಿಲ ಮಾಡಿತು ಅಂತ ಪಕ್ಕದೂರು ಸಡಿಲ ಮಾಡಬೇಕಿಲ್ಲವಲ್ಲ. ಇನ್ನು ಬ್ರಿಟನ್ ಷೆಂಗೆನ್‌ನಲ್ಲಿಲ್ಲ. ಹಾಗಾಗಿ ನಮ್ಮಣ್ಣನಂಥವರಿಗೆ ಈ ಪತ್ರವೂ ಇಲ್ಲ. ಸ್ಪೇನಿಗೆ ಹೋಗಬೇಕೆಂದರೆ ಸ್ಪೇನಿನ ರಾಯಭಾರ ಕಚೇರಿಗೆ ಬರೆದು ಕಾಯಬೇಕು.

ಕೆನಡಾ ಕಥೆ ಇನ್ನೂ ವಿಚಿತ್ರ. 2018ರ ಅಕ್ಟೋಬರ್ 17ರಿಂದ ಅಲ್ಲಿ ವಯಸ್ಕರು ಯಾರು ಬೇಕಾದರೂ ಅಂಗಡಿಯಲ್ಲಿ ಗಾಂಜಾ ಕೊಳ್ಳಬಹುದು. ದೇಶದೊಳಗಿನ ವಿಮಾನದಲ್ಲಿ 30 ಗ್ರಾಂ ಒಯ್ಯಬಹುದು. ರೋಗಿಯಾಗಿ ನೋಂದಾಯಿಸಿಕೊಂಡಿದ್ದರೆ ಅದಕ್ಕಿಂತ ಜಾಸ್ತಿ. ಆದರೆ ಗಡಿ ದಾಟಿಸುವ ಹಾಗಿಲ್ಲ, ಒಳಗೂ ತರುವ ಹಾಗಿಲ್ಲ. ರೋಗಿಗೂ ವಿನಾಯಿತಿ ಇಲ್ಲ. ಟೊರೊಂಟೊದಿಂದ ನಯಾಗರ ನೋಡಲು ಹೋದ ನಮ್ಮವರು ಸೇತುವೆ ದಾಟಿ ಆ ಕಡೆಯ ನ್ಯೂಯಾರ್ಕ್ ರಾಜ್ಯಕ್ಕೆ ಹೋದರೆ, ಎರಡೂ ದಡದಲ್ಲಿ ಗಾಂಜಾ ಕಾನೂನುಬದ್ಧ, ನಡುವಿನ ಸೇತುವೆ ಮೇಲೆ ಮಾತ್ರ ಅಪರಾಧ!

ಅಮೆರಿಕದಲ್ಲಿ ಕ್ಯಾಲಿಫೋರ್ನಿಯಾ 1996ರಲ್ಲೇ ಔಷಧಿ ಗಾಂಜಾಕ್ಕೆ ಒಪ್ಪಿಗೆ ಕೊಟ್ಟಿತು. ಆಮೇಲೆ ಒಂದರ ಹಿಂದೆ ಒಂದು ರಾಜ್ಯ. ಕೇಂದ್ರದ ಕಾನೂನು ಮಾತ್ರ ಆ ರಾಜ್ಯಗಳ ಹಿಂದೆ ಹೋಗಲಿಲ್ಲ. ರಾಜ್ಯ ಕೊಟ್ಟ ರೋಗಿಯ ಕಾರ್ಡ್ ಇಟ್ಟುಕೊಂಡು ಇನ್ನೊಂದು ರಾಜ್ಯಕ್ಕೆ ಒಯ್ದರೆ ಕೇಂದ್ರದ ಲೆಕ್ಕದಲ್ಲಿ ತಪ್ಪೇ. ವಿಮಾನ ನಿಲ್ದಾಣದ ತಪಾಸಣೆ ಸಿಬ್ಬಂದಿ ‘ನಾವು ಗಾಂಜಾ ಹುಡುಕಲು ನಿಂತಿಲ್ಲ, ಸಿಕ್ಕರೆ ಪೊಲೀಸರಿಗೆ ತಿಳಿಸುತ್ತೇವೆ’ ಅನ್ನುತ್ತಾರೆ. 2018ರಲ್ಲಿ ಲಾಸ್ ವೇಗಸ್ ವಿಮಾನ ನಿಲ್ದಾಣದಲ್ಲಿ ಇದಕ್ಕೆಂದೇ ಪೆಟ್ಟಿಗೆಗಳನ್ನು ಇಟ್ಟರು. ಹುಂಡಿಗೆ ಕಾಣಿಕೆ ಹಾಕಿದ ಹಾಗೆ, ಉಳಿದ ಗಾಂಜಾವನ್ನು ಅದರೊಳಗೆ ಹಾಕಿ ವಿಮಾನ ಹತ್ತುವುದು.

ಅಮೆರಿಕದ ಪ್ರಜೆಗಳಿಗೆ ಇದು ಬರೀ ಕಿರಿಕಿರಿ ಇರಬಹುದು. ಎಚ್-1ಬಿ ಮೇಲಿರುವವರಿಗೆ, ಗ್ರೀನ್ ಕಾರ್ಡ್ ಇರುವವರಿಗೆ ಹಾಗಲ್ಲ. ವಲಸೆ ಕಾನೂನು ಕೇಂದ್ರದ್ದು. ರಾಜ್ಯದ ಅಂಗಡಿಯಲ್ಲಿ ಕಾರ್ಡ್ ತೋರಿಸಿ ಕೊಂಡದ್ದೂ ಅಲ್ಲಿ ಲೆಕ್ಕಕ್ಕೆ ಬರುತ್ತದೆ. ಶಿಕ್ಷೆಯೇ ಆಗಬೇಕಿಲ್ಲ. ವೀಸಾ ಸಂದರ್ಶನದಲ್ಲೋ ವಿಮಾನ ನಿಲ್ದಾಣದಲ್ಲೋ ‘ಹೌದು, ತಗೊಂಡಿದ್ದೆ’ ಅಂತ ಒಪ್ಪಿಕೊಂಡರೂ ಒಳಗೆ ಬಿಡದಿರಲು ಅದು ಕಾರಣವಾಗಬಹುದು. ರಾಜ್ಯದಲ್ಲಿ ತಪ್ಪಲ್ಲದಿದ್ದರೂ ಪೌರತ್ವದ ಅರ್ಜಿಗೆ ಅಡ್ಡ ಬರಬಹುದು ಅಂತ 2019ರ ಏಪ್ರಿಲ್‌ನಲ್ಲಿ ವಲಸೆ ಇಲಾಖೆಯೇ ಸ್ಪಷ್ಟಪಡಿಸಿತು. ಕ್ಯಾಲಿಫೋರ್ನಿಯಾದ ಸನ್ನಿವೇಲ್‌ನಲ್ಲಿ ಪಕ್ಕದ ಮನೆಯವರು ತಗೊಳ್ಳುತ್ತಾರೆ, ನಮಗೇನು ಅಂದುಕೊಳ್ಳುವವರು ಇದೊಂದನ್ನು ನೆನಪಿಟ್ಟುಕೊಳ್ಳಬೇಕು. ಪಕ್ಕದ ಮನೆಯವರ ಪಾಸ್‌ಪೋರ್ಟ್ ಬೇರೆ.

ಚೀಟಿ ತಿರುಗಿಬೀಳುವುದು ಅಂದೆನಲ್ಲ, ಅದನ್ನು ಇಡೀ ಜಗತ್ತು ನೋಡಿದ್ದು 2022ರಲ್ಲಿ. ಅಮೆರಿಕದ ಬ್ಯಾಸ್ಕೆಟ್‌ಬಾಲ್ ತಾರೆ ಬ್ರಿಟ್ನಿ ಗ್ರೈನರ್ ಮಾಸ್ಕೋದ ಶೆರೆಮೆಟ್ಯೆವೊ ವಿಮಾನ ನಿಲ್ದಾಣದಲ್ಲಿ ಸಿಕ್ಕಿಬಿದ್ದರು. ಸೂಟ್‌ಕೇಸಿನಲ್ಲಿ ವೇಪ್‌ನ ಸಣ್ಣ ಕೊಳವೆಗಳು. ಒಳಗಿದ್ದ ಗಾಂಜಾ ಎಣ್ಣೆ ಒಂದು ಗ್ರಾಂ ಕೂಡ ಇರಲಿಲ್ಲ, 0.702 ಗ್ರಾಂ. ನೋವಿಗೆಂದು ಅರಿಜೋನಾದ ಡಾಕ್ಟರ್ ಶಿಫಾರಸು ಮಾಡಿದ್ದು, ಅವಸರದಲ್ಲಿ ಪ್ಯಾಕ್ ಮಾಡುವಾಗ ಬ್ಯಾಗಿನಲ್ಲೇ ಉಳಿದುಬಿಟ್ಟಿತು ಅಂದರು. ಡಾಕ್ಟರ ಪತ್ರವನ್ನೂ ಕೋರ್ಟಿಗೆ ಕೊಟ್ಟರು. ಆಗಸ್ಟ್‌ನಲ್ಲಿ ಒಂಬತ್ತು ವರ್ಷ ಶಿಕ್ಷೆಯಾಯಿತು. ಡಿಸೆಂಬರ್‌ನಲ್ಲಿ ಶಸ್ತ್ರಾಸ್ತ್ರ ವ್ಯಾಪಾರಿ ವಿಕ್ಟರ್ ಬೌಟ್‌ನನ್ನು ಕೊಟ್ಟು ಅಮೆರಿಕ ಅವರನ್ನು ಬಿಡಿಸಿಕೊಂಡಿತು. ಅದೇ ವಿಮಾನ ನಿಲ್ದಾಣದಲ್ಲಿ 2021ರಲ್ಲಿ ಸಿಕ್ಕ ಅಮೆರಿಕದ ಶಾಲಾ ಮೇಷ್ಟ್ರು ಮಾರ್ಕ್ ಫೋಗೆಲ್ ಬಳಿ ಇದ್ದದ್ದು 17 ಗ್ರಾಂ ಆಸುಪಾಸು. ಅವರದೂ ಬೆನ್ನುನೋವಿಗೆ ಡಾಕ್ಟರ್ ಹೇಳಿದ್ದೇ. 14 ವರ್ಷ ಶಿಕ್ಷೆಯಾಯಿತು. ಮನೆಗೆ ಬಂದದ್ದು 2025ರ ಫೆಬ್ರುವರಿಯಲ್ಲಿ. ಇದರಲ್ಲಿ ರಾಜಕೀಯ ಬೆರೆತಿತ್ತು, ನಿಜ. ಆದರೆ ರಾಜಕೀಯಕ್ಕೆ ಕೈಗೆ ಸಿಕ್ಕ ದಾರ ಈ ಔಷಧಿಯೇ ಆಗಿತ್ತು.

ನಮ್ಮ ಕಡೆಗೆ ಬರುವವರು ಹೆಚ್ಚಾಗಿ ಹಾದುಹೋಗುವುದು ದುಬೈ, ಅಬುಧಾಬಿ, ದೋಹಾ. ಅರಬ್ ಎಮಿರೇಟ್ಸ್‌ನಲ್ಲಿ ಟಿಎಚ್‌ಸಿ ಇಲ್ಲದ ಸಿಬಿಡಿ ಎಣ್ಣೆಯೂ ಆಗಬರುವುದಿಲ್ಲ. ಬಟ್ಟೆಯಲ್ಲೋ ಬ್ಯಾಗಿನಲ್ಲೋ ಅಂಟಿದ ಪುಡಿಯೂ, ಮೈಯಲ್ಲಿ ಉಳಿದ ಅಂಶವೂ ಹೊಂದಿರುವುದಕ್ಕೆ ಸಮ. 2022ರ ಜನವರಿಯಿಂದ ಕಾನೂನು ಒಂಚೂರು ಮೆತ್ತಗಾಗಿದೆ. ಟಿಎಚ್‌ಸಿ ಇರುವ ತಿಂಡಿ, ಪಾನೀಯ ಮೊದಲ ಸಲ ತಂದವರ ವಸ್ತು ಕಿತ್ತು ನಾಶ ಮಾಡಿ ಬಿಡಬಹುದು. ಅದನ್ನು ನಂಬಿಕೊಂಡು ಹೋಗುವುದು ಹುಚ್ಚುತನ. ವಿಮಾನ ಬದಲಾಯಿಸಲು ಮೂರು ಗಂಟೆ ಕೂರುವವರಿಗೂ ಅಲ್ಲಿನ ಕಾನೂನೇ. ಸಿಂಗಪುರ ಇನ್ನೊಂದು ಹೆಜ್ಜೆ ಮುಂದೆ. ತನ್ನ ಪ್ರಜೆ, ಕಾಯಂ ನಿವಾಸಿ ಹೊರದೇಶದಲ್ಲಿ ತಗೊಂಡು ಬಂದರೂ ವಾಪಸಾದ ಮೇಲೆ ಮೂತ್ರ ಪರೀಕ್ಷೆ ಮಾಡಿ ಕೇಸು ಹಾಕುತ್ತದೆ. ಥಾಯ್ಲೆಂಡ್ 2022ರ ಜೂನ್‌ನಲ್ಲಿ ಪೂರ್ತಿ ಬಾಗಿಲು ತೆರೆದು, 2025ರ ಜೂನ್‌ನಲ್ಲಿ ಮತ್ತೆ ಚೀಟಿ ಬೇಕು ಅಂತ ಅರ್ಧ ಮುಚ್ಚಿತು.

ಈಗ ದಾವಣಗೆರೆಗೆ ಬರೋಣ.

ಅಣ್ಣನ ವಾದ ಹೀಗಿತ್ತು: ‘ಅಲ್ಲೇ ಭಂಗಿ ಸಿಗುತ್ತೆ, ಆಯುರ್ವೇದದವರೇ ಕೊಡ್ತಾರೆ. ನಾನು ಔಷಧಿ ತಂದರೆ ಏನು ತಪ್ಪು?’ ಅರ್ಧ ಸರಿ. ನಮ್ಮ ಮಾದಕ ವಸ್ತು ಕಾನೂನು, ಅಂದರೆ 1985ರ ಎನ್‌ಡಿಪಿಎಸ್ ಕಾಯ್ದೆ, ಗಾಂಜಾ ಅಂದಾಗ ಹೇಳುವುದು ಗಿಡದ ಹೂ ಬಿಟ್ಟ ತುದಿಯನ್ನು. ಬರೀ ಎಲೆ, ಬರೀ ಬೀಜ ಅದರಲ್ಲಿ ಸೇರಿಲ್ಲ. ಭಂಗಿ ಸೊಪ್ಪು ಉಳಿದದ್ದು ಈ ಸಂದಿಯಲ್ಲಿ. ಬೆಂಗಳೂರಿನಲ್ಲಿ 29 ಕೆಜಿ ಭಂಗಿ ಹಿಡಿದ ಕೇಸಿನಲ್ಲಿ, ಭಂಗಿ ಈ ಕಾಯ್ದೆಯಲ್ಲಿ ನಿಷೇಧಿತವಲ್ಲ ಅಂತ ಹೇಳಿ ಕರ್ನಾಟಕ ಹೈಕೋರ್ಟ್ 2022ರಲ್ಲಿ ಆರೋಪಿಗೆ ಜಾಮೀನು ಕೊಟ್ಟಿತ್ತು. ಆಯುರ್ವೇದದಲ್ಲಿ ಇದರ ಹೆಸರು ವಿಜಯಾ. ವೈದ್ಯರ ನಿಗಾದಲ್ಲಿ ತಗೊಳ್ಳಬೇಕಾದ ವಿಷದ ವಸ್ತುಗಳ ಸರ್ಕಾರಿ ಪಟ್ಟಿಯಲ್ಲಿ ಅದೂ ಇದೆ. ಎಲೆಯಿಂದ ತೆಗೆದ ವಿಜಯಾ ಎಣ್ಣೆಯನ್ನು ಬರೆದುಕೊಡುವ ಕ್ಲಿನಿಕ್ 2020ರಲ್ಲಿ ಕೋರಮಂಗಲದಲ್ಲೇ ಶುರುವಾಗಿತ್ತು. ಭಂಗಿಯ ಮೇಲಿನ ಹಿಡಿತ ರಾಜ್ಯಗಳದ್ದು. ಹಾಗಾಗಿ ದೇಶದೊಳಗೂ ಹುಷಾರಾಗಿರಬೇಕು. ವಾರಾಣಸಿಯಲ್ಲಿ ಲೈಸೆನ್ಸ್ ಇರುವ ಅಂಗಡಿ, ಅಸ್ಸಾಮಿನಲ್ಲಿ 1958ರಿಂದಲೇ ನಿಷೇಧ.

ಆದರೆ ಅಣ್ಣನ ಡಬ್ಬಿಯಲ್ಲಿರುವುದು ಎಲೆಯಲ್ಲ, ಹೂವು. ಅಪ್ಪಟ ಗಾಂಜಾ. ಎಣ್ಣೆ ತರುತ್ತೀನಿ ಅಂದರೂ ಬಚಾವ್ ಇಲ್ಲ. ಕಾಯ್ದೆಯಲ್ಲಿ ಔಷಧಿ ಗಾಂಜಾ ಅನ್ನುವ ಪದವೇ ಇದೆ, ಗಾಂಜಾದಿಂದ ತೆಗೆದ ಸಾರ, ಅರಿಷ್ಟ ಅಂತ ಅದರ ಅರ್ಥ. ಆ ಪದ ಸಿಕ್ಕಿತು ಅಂತ ಖುಷಿಪಡುವ ಮೊದಲು ಮುಂದಿನ ಸಾಲು ಓದಬೇಕು. ಕೋಕಾ, ಅಫೀಮಿನ ಉತ್ಪನ್ನಗಳ ಜೊತೆ ಅದನ್ನು ‘ತಯಾರಿಸಿದ ಮಾದಕ ವಸ್ತು’ಗಳ ಸಾಲಿನಲ್ಲಿ ಕೂರಿಸಿದ್ದಾರೆ. ಎಂಟನೇ ಸೆಕ್ಷನ್ ವೈದ್ಯಕೀಯ ಬಳಕೆಗೆ ಅವಕಾಶ ಇದೆ ಅನ್ನುತ್ತದೆ, ಹಿಂದೆಯೇ ನಿಯಮ, ಲೈಸೆನ್ಸ್, ಪರ್ಮಿಟ್ ಪ್ರಕಾರ ಮಾತ್ರ ಅನ್ನುತ್ತದೆ. ಲೆಸ್ಟರಿನ ಡಾಕ್ಟರ್ ಸಹಿ ಆ ಲೈಸೆನ್ಸ್ ಅಲ್ಲ. ಒಂದು ಕೆಜಿವರೆಗಿನ ಗಾಂಜಾ ‘ಸಣ್ಣ ಪ್ರಮಾಣ’ ನಿಜ. ಅದಕ್ಕೂ ಒಂದು ವರ್ಷದವರೆಗೆ ಕಠಿಣ ಸಜೆ, 10,000 ರೂಪಾಯಿವರೆಗೆ ದಂಡ, ಅಥವಾ ಎರಡೂ ಆಗಬಹುದು. ಹೊರದೇಶದಿಂದ ತಂದದ್ದಾದರೆ ಆಮದಿನ ಸೆಕ್ಷನ್ ಬೇರೆ.

ಇನ್ನು ದೇವನಹಳ್ಳಿಯ ವಿಮಾನ ನಿಲ್ದಾಣದ ಕಸ್ಟಮ್ಸ್‌ನವರು ಈಗ ಗಾಂಜಾ ವಿಷಯದಲ್ಲಿ ಮೈಯೆಲ್ಲ ಕಣ್ಣಾಗಿದ್ದಾರೆ. ಬ್ಯಾಂಕಾಕಿನಿಂದ ಬರುವ ಹೈಡ್ರೊಪೋನಿಕ್ (ಮಣ್ಣಿಲ್ಲದೆ ನೀರಿನಲ್ಲಿ ಬೆಳೆದ) ಗಾಂಜಾ ಹಿಡಿದ ಸುದ್ದಿ ಪತ್ರಿಕೆಯಲ್ಲಿ ಆಗಾಗ ಬರುತ್ತಲೇ ಇದೆ. ಅಂಥ ಹೊತ್ತಿನಲ್ಲಿ ಶೇ 20 ಟಿಎಚ್‌ಸಿ ಅಂತ ಬರೆದ ಹೂವಿನ ಡಬ್ಬಿಯನ್ನು ಕೌಂಟರ್ ಮೇಲಿಟ್ಟು ‘ಸಾರ್, ಇದು ಬೆನ್ನುನೋವಿಗೆ’ ಅಂದರೆ ಆ ಅಧಿಕಾರಿ ತಾನೇ ಏನು ಮಾಡಿಯಾರು? ಬಿಡುವ ಅಧಿಕಾರ ಅವರಿಗೂ ಇಲ್ಲ.

ಒಂದು ವಿಪರ್ಯಾಸ ಹೇಳಲೇಬೇಕು. 2020ರ ಡಿಸೆಂಬರ್ 2ರಂದು ಗಾಂಜಾವನ್ನು ಅತಿ ಅಪಾಯಕಾರಿ ಪಟ್ಟಿಯಿಂದ ತೆಗೆಯುವ ಪ್ರಶ್ನೆ ವಿಶ್ವಸಂಸ್ಥೆಯ ಆಯೋಗದಲ್ಲಿ ಮತಕ್ಕೆ ಬಂತು. 27 ಪರ, 25 ವಿರೋಧ. ಆ 27ರಲ್ಲಿ ಭಾರತವೂ ಒಂದು. ವಿಯೆನ್ನಾದಲ್ಲಿ ಕೈ ಎತ್ತಿದ್ದು ದೇವನಹಳ್ಳಿಯವರೆಗೆ ಇನ್ನೂ ಬಂದಿಲ್ಲ. ಹೊರಗಿನ ಚೀಟಿ ಇರುವ ರೋಗಿಗೆ ಮುಂಚೆಯೇ ಅರ್ಜಿ ಹಾಕಿ ಒಂದು ತಿಂಗಳ ಔಷಧಿ ತರಲು ಸರಳ ದಾರಿ ಮಾಡಿದರೆ ಕಳ್ಳಸಾಗಣೆ ಜಾಸ್ತಿಯಾಗುತ್ತದೆ ಅಂತ ನನಗೇನೂ ಅನ್ನಿಸುವುದಿಲ್ಲ. ಕಳ್ಳಸಾಗಣೆ ಮಾಡುವವರು ಅರ್ಜಿ ಹಾಕುವುದಿಲ್ಲವಲ್ಲ.

ಅಣ್ಣ ಕೊನೆಗೆ ಕೇಳಿದ್ದು ವೇಪರೈಸರ್ ಬಗ್ಗೆ. ಖಾಲಿ ಯಂತ್ರವನ್ನಾದರೂ ತರಬಹುದಾ ಅಂತ. ಅದೂ ಇಲ್ಲ. ನಮ್ಮ 2019ರ ಇ-ಸಿಗರೇಟ್ ನಿಷೇಧ ಕಾಯ್ದೆ ನಿಕೋಟಿನ್ ಇದ್ದರೂ ಇಲ್ಲದಿದ್ದರೂ, ವಸ್ತುವನ್ನು ಬಿಸಿ ಮಾಡಿ ಎಳೆದುಕೊಳ್ಳಲು ಆವಿ ಮಾಡುವ ಎಲೆಕ್ಟ್ರಾನಿಕ್ ಸಾಧನ ಅಂತ ವಿವರಿಸುತ್ತದೆ. ಇದು ಅದಕ್ಕೆ ಹೇಳಿ ಮಾಡಿಸಿದಂತಿದೆ.

ಅವನು ಹೊರಡುವ ಆರು ವಾರ ಮೊದಲೇ ತನ್ನ ಡಾಕ್ಟರ ಹತ್ತಿರ ಹೋದ. ದಿಢೀರನೆ ನಿಲ್ಲಿಸಿದರೆ ನಿದ್ದೆ ಹೋಗುತ್ತದೆ, ಸಿಡಿಮಿಡಿ ಶುರುವಾಗುತ್ತದೆ, ಒಂದೆರಡು ವಾರ ಅದೇ ಗೋಳು. ಹಾಗಾಗಿ ನಿಧಾನಕ್ಕೆ ಇಳಿಸಿ, ನೋವಿಗೆ ಬೇರೆ ಮಾತ್ರೆ ಹೊಂದಿಸಿಕೊಟ್ಟರು. ಮೂರ್ಛೆ ರೋಗಕ್ಕೆ ತಗೊಳ್ಳುವವರಾದರೆ ಹೀಗೆ ಇಳಿಸುವುದೇ ಅಪಾಯ, ಅವರು ಬರುವುದನ್ನೇ ಯೋಚಿಸಬೇಕಾಗುತ್ತದೆ. ದುಬೈ ಮೇಲಿನ ಅಗ್ಗದ ಟಿಕೆಟ್ ಬಿಟ್ಟು ಲಂಡನ್ನಿನಿಂದ ನೇರ ಬೆಂಗಳೂರಿಗೆ ಬುಕ್ ಮಾಡಿದ. ದಿನಾ ಡಬ್ಬಿ ಇಟ್ಟುಕೊಳ್ಳುತ್ತಿದ್ದ ಹೆಗಲ ಚೀಲವನ್ನು ಮನೆಯಲ್ಲೇ ಬಿಟ್ಟ, ಜೇಬಿನ ಹೊಲಿಗೆಯಲ್ಲಿ ಪುಡಿ ಉಳಿದಿದ್ದರೆ ಅಂತ. ಗೃಹಪ್ರವೇಶದ ದಿನ ಹೋಮ ಮುಗಿಯುವವರೆಗೆ ನೆಲದ ಮೇಲೆ ಕೂರಲಾಗದೆ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತಿದ್ದ. ಬೆನ್ನ ಹಿಂದೆ ದೊಡ್ಡಮ್ಮ ತುಂಬಿಸಿಕೊಟ್ಟ ಬಿಸಿನೀರಿನ ಬ್ಯಾಗ್.